ವೈಮೋಸೊ ಸಮಾಧಿ: ಒಂದು ಹಡಗು, ಎರಡು ದ್ವೀಪಗಳ ಕಥೆ



ನವೆಂಬರ್ 2ರಂದು ನಾವೆಲ್ಲ ಸಿಮೆಟ್ರಿಗೆ ಹೋಗಿ, ಹಿರಿಯರ ಸಮಾಧಿಗಳಿಗೆ ಹೂವಿಟ್ಟು, ಮೇಣದಬತ್ತಿ ಹಚ್ಚಿ ಪ್ರಾರ್ಥಿಸಿ ಬಂದೆವು. ಹೆಸರು ಅಳಿಸಿಹೋದ ಹಳೆಯ ಸಮಾಧಿಗಳ ಮುಂದೆಯೂ ಕೆಲವರು ಬತ್ತಿ ಹಚ್ಚಿದ್ದರು. ಅದನ್ನು ನೋಡಿದಾಗ ನನಗೆ ಬಹು ದೂರದ ಒಂದು ಸ್ಮಾರಕ ನೆನಪಾಯಿತು. ಅದರ ಬಗ್ಗೆ ಈ ತಿಂಗಳು ಬರೆಯುತ್ತಿದ್ದೇನೆ.

ಪೆಸಿಫಿಕ್ ಸಾಗರದ ನಡುವೆ ಸಮೋವಾ ಎಂಬ ದ್ವೀಪದೇಶವಿದೆ. ಅದರ ರಾಜಧಾನಿ ಆಪಿಯಾ. ಆಪಿಯಾದ ಪಕ್ಕದ ವೈಮೋಸೊ ಗ್ರಾಮದಲ್ಲಿ ಒಂದು ಸಾಮೂಹಿಕ ಸಮಾಧಿ ಇದೆ, ಅಲ್ಲಿ ಒಂದು ಸ್ಮಾರಕವೂ ಇದೆ. 1918ರ ಇನ್‌ಫ್ಲುಯೆಂಜಾದಲ್ಲಿ ಸತ್ತವರು ಅಲ್ಲಿ ಮಲಗಿದ್ದಾರೆ.

ಆಗ ಸಮೋವಾ ಎರಡು ಭಾಗವಾಗಿತ್ತು. ಪಶ್ಚಿಮ ಸಮೋವಾ ಮೊದಲು ಜರ್ಮನಿಯ ಕೈಯಲ್ಲಿತ್ತು. ಮೊದಲ ಮಹಾಯುದ್ಧ ಶುರುವಾದಾಗ, 1914ರಲ್ಲಿ, ನ್ಯೂಜಿಲೆಂಡ್ ಸೈನ್ಯ ಅದನ್ನು ವಶಪಡಿಸಿಕೊಂಡಿತು. ಪೂರ್ವದ ದ್ವೀಪಗಳು ಅಮೆರಿಕದ ನೌಕಾಪಡೆಯ ಆಡಳಿತದಲ್ಲಿದ್ದವು. ಎರಡೂ ಕಡೆ ಒಂದೇ ಜನ, ಒಂದೇ ಭಾಷೆ, ಹೆಣ್ಣು ಕೊಟ್ಟು ತಂದ ಸಂಬಂಧ. ಗಡಿಯಲ್ಲಿ ಬದುಕುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1918ರ ನವೆಂಬರ್ 7ರಂದು ಆಕ್ಲೆಂಡ್‌ನಿಂದ ಹೊರಟ 'ತಲೂನ್' ಎಂಬ ಹಡಗು ಆಪಿಯಾ ಬಂದರಿಗೆ ಬಂತು. ಹಡಗಿನಲ್ಲಿ ಜ್ವರದಿಂದ ನರಳುತ್ತಿದ್ದವರಿದ್ದರು. ದಾರಿಯಲ್ಲಿ ಫಿಜಿಯಲ್ಲಿ ಇದೇ ಹಡಗಿನ ಮೇಲೆ ನಿರ್ಬಂಧ ಹಾಕಿದ್ದರು. ಆಪಿಯಾದಲ್ಲಿ ಮಾತ್ರ ಕ್ವಾರಂಟೈನ್ ಇಲ್ಲದೆ ಪ್ರಯಾಣಿಕರನ್ನು ಇಳಿಯಲು ಬಿಟ್ಟರು. ನಾಲ್ಕು ದಿನಗಳ ನಂತರ ಯುರೋಪಿನಲ್ಲಿ ಯುದ್ಧ ನಿಂತಿತು. ಸಮೋವಾದಲ್ಲಿ ಸಾವು ಶುರುವಾಯಿತು.

ಕೆಲವೇ ವಾರಗಳಲ್ಲಿ ಸುಮಾರು 8,500 ಜನ ಸತ್ತರು. ಅಲ್ಲಿದ್ದದ್ದು ಸುಮಾರು 38,000 ಜನ. ಅಂದರೆ ನೂರರಲ್ಲಿ 22 ಮಂದಿ. ಭಾನುವಾರದ ಪೂಜೆಗೆ ಬರುವ ನಮ್ಮಲ್ಲಿ ಐದು ಜನರಲ್ಲಿ ಒಬ್ಬರು ಕ್ರಿಸ್ಮಸ್‌ಗೆ ಇರುವುದಿಲ್ಲ ಎಂದು ಯೋಚಿಸಿ ನೋಡಿ.

ಇಷ್ಟೊಂದು ಸಾವು ಯಾಕೆ? ನಾನು ವಿಜ್ಞಾನ ಓದಿದವನು, ಆದ್ದರಿಂದ ಸ್ವಲ್ಪ ವಿವರಿಸುತ್ತೇನೆ. ಆ ವೈರಾಣು ಎಲ್ಲರಿಗೂ ಹೊಸದು. ಲಸಿಕೆ ಇರಲಿಲ್ಲ. ಫ್ಲೂ ಬೆನ್ನಿಗೇ ಬರುವ ನ್ಯುಮೋನಿಯಾಕ್ಕೆ ಆ್ಯಂಟಿಬಯೋಟಿಕ್ ಕೂಡ ಇನ್ನೂ ಬಂದಿರಲಿಲ್ಲ. ಮನುಷ್ಯರ ಫ್ಲೂ ವೈರಾಣುವನ್ನು ವಿಜ್ಞಾನಿಗಳು ಪತ್ತೆಹಚ್ಚಿದ್ದೇ 1933ರಲ್ಲಿ. ಜೊತೆಗೆ ಮನೆಯವರೆಲ್ಲ ಒಟ್ಟಿಗೇ ಹಾಸಿಗೆ ಹಿಡಿದರು. ನೀರು ಕೊಡಲು, ಗಂಜಿ ಬೇಯಿಸಲು ಎದ್ದು ನಿಲ್ಲುವವರೇ ಇರಲಿಲ್ಲ. ಆರೈಕೆ ಸಿಕ್ಕಿದ್ದರೆ ಉಳಿಯಬಹುದಾಗಿದ್ದವರೂ ಹೋದರು.

ಸಮೋವಾದವರು ತಮ್ಮವರನ್ನು ಮನೆಯ ಹತ್ತಿರ, ಕುಟುಂಬದ ಜಾಗದಲ್ಲೇ ಹೂಳುತ್ತಾರೆ. ಆದರೆ ಆ ನವೆಂಬರಿನಲ್ಲಿ ಗುಂಡಿ ತೋಡುವ ಕೈಗಳೇ ಇರಲಿಲ್ಲ. ಚಾಪೆಯಲ್ಲಿ ಸುತ್ತಿದ ಶವಗಳನ್ನು ಲಾರಿಗಳಲ್ಲಿ ತಂದು ವೈಮೋಸೊದಲ್ಲಿ ಒಟ್ಟಿಗೆ ಹೂಳಿದರು.

ಇನ್ನು ಪೂರ್ವದ ದ್ವೀಪಗಳ ಕಥೆ. ಅಲ್ಲಿನ ಗವರ್ನರ್ ಜಾನ್ ಪೋಯರ್ ರೇಡಿಯೊ ಸುದ್ದಿ ಕೇಳಿ, ರೋಗ ಬರುವ ಮೊದಲೇ ಕಟ್ಟುನಿಟ್ಟಿನ ಕ್ವಾರಂಟೈನ್ ಹಾಕಿದರು. ಊರಿನವರೇ ಕಡಲತೀರಗಳಲ್ಲಿ ಕಾವಲು ನಿಂತು ದೋಣಿಗಳನ್ನು ತಡೆದರು. ಅಲ್ಲಿ ಫ್ಲೂಗೆ ಒಬ್ಬರೂ ಸಾಯಲಿಲ್ಲ. ಅಷ್ಟೇ ಅಲ್ಲ, ಅವರು ಪಶ್ಚಿಮಕ್ಕೆ ವೈದ್ಯಕೀಯ ನೆರವು ಕೊಡಲೂ ಮುಂದೆ ಬಂದರು. ಪಶ್ಚಿಮದ ಆಡಳಿತಾಧಿಕಾರಿ ರಾಬರ್ಟ್ ಲೋಗನ್ ಆ ನೆರವನ್ನು ಪಡೆಯಲಿಲ್ಲ. ಕೊನೆಗೆ ಆಸ್ಟ್ರೇಲಿಯಾದ 'ಎನ್‌ಕೌಂಟರ್' ನೌಕೆ ವೈದ್ಯರನ್ನೂ ಔಷಧವನ್ನೂ ಹೊತ್ತು ಬಂದಾಗ ಡಿಸೆಂಬರ್ ಆಗಿತ್ತು.

2020ರ ಮಾರ್ಚ್ ನಿಮಗೆ ನೆನಪಿರಬಹುದು. ತಲಪಾಡಿಯಲ್ಲಿ ರಸ್ತೆ ಮುಚ್ಚಿತ್ತು, ಒಳರಸ್ತೆಗಳಿಗೆ ಮಣ್ಣು ಸುರಿದಿದ್ದರು. ಕಾಸರಗೋಡಿನ ನಮಗೆ ದೊಡ್ಡ ಆಸ್ಪತ್ರೆ ಎಂದರೆ ಮಂಗಳೂರು. ಆದರೆ ಆಂಬುಲೆನ್ಸ್‌ಗಳೂ ಗಡಿಯಿಂದ ಹಿಂದೆ ಬಂದವು. ಅದಕ್ಕೇ 'ಕ್ವಾರಂಟೈನ್ ಒಳ್ಳೆಯದು' ಎಂದು ಸುಮ್ಮನೆ ಬರೆದು ಮುಗಿಸಲು ನನಗೆ ಮನಸ್ಸಾಗಲಿಲ್ಲ. ಪೂರ್ವ ಸಮೋವಾದವರೂ ಗಡಿ ಮುಚ್ಚಿದರು. ಆದರೆ ಆಚೆ ಕಡೆಯವರನ್ನು ಮರೆಯಲಿಲ್ಲ. ಬಾಗಿಲು ಹಾಕಬೇಕಾದದ್ದು ರೋಗಕ್ಕೆ, ರೋಗಿಗೆ ಅಲ್ಲ. ಈ ವ್ಯತ್ಯಾಸವನ್ನು ನಾವು ಮರೆಯಬಾರದು.

2002ರ ಜೂನ್‌ನಲ್ಲಿ ನ್ಯೂಜಿಲೆಂಡ್ ಪ್ರಧಾನಿ ಹೆಲೆನ್ ಕ್ಲಾರ್ಕ್ ಆಪಿಯಾಕ್ಕೆ ಬಂದು, ತಮ್ಮ ದೇಶದ ಹಳೆಯ ಆಡಳಿತದ ತಪ್ಪುಗಳಿಗೆ ಸಮೋವಾ ಜನರ ಕ್ಷಮೆ ಕೇಳಿದರು. ಆ ಹಡಗನ್ನು ಬಿಟ್ಟುಕೊಂಡದ್ದೂ ಅದರಲ್ಲಿ ಸೇರಿತ್ತು. 84 ವರ್ಷ ತಡವಾಗಿತ್ತು. ಆದರೂ ಸಮೋವಾ ಜನ ತಮ್ಮ ಸತ್ತವರನ್ನು ಮರೆತುಬಿಟ್ಟಿದ್ದರೆ ಆ ಮಾತು ಎಂದೂ ಬರುತ್ತಿರಲಿಲ್ಲ. ತಪ್ಪನ್ನು ಒಪ್ಪಿಕೊಳ್ಳದೆ ಕ್ಷಮೆ ಪೂರ್ತಿಯಾಗುವುದಿಲ್ಲ ಎಂದು ನಾವು ಧರ್ಮೋಪದೇಶದ ತರಗತಿಯಲ್ಲಿ ಕಲಿತದ್ದೂ ಇದನ್ನೇ ಅಲ್ಲವೇ?

ಅದೇ ಜ್ವರ ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಕೊಂದಿತು. ಜಗತ್ತಿನಲ್ಲೇ ಅತಿ ಹೆಚ್ಚು ಸಾವು ಇಲ್ಲೇ. ಆದರೆ ಅವರಿಗಾಗಿ ನಿಲ್ಲಿಸಿದ ಒಂದು ಕಲ್ಲನ್ನೂ ನಾನು ಈವರೆಗೆ ನೋಡಿಲ್ಲ.

ಅದಕ್ಕೆ ಒಂದು ಕೋರಿಕೆ. ಹಳೆಯ ಇಗರ್ಜಿಗಳಲ್ಲಿ ಮರಣದ ದಾಖಲೆ ಪುಸ್ತಕಗಳಿರುತ್ತವೆ. ಧರ್ಮಗುರುಗಳ ಅನುಮತಿ ಕೇಳಿ, 1918 ಮತ್ತು 1919ರ ಪುಟಗಳನ್ನು ನಾವು ಒಟ್ಟಿಗೆ ಕುಳಿತು ಓದೋಣ. ಮನೆಯಲ್ಲಿ ಅಜ್ಜ ಅಜ್ಜಿಯರು ಕೇಳಿದ ಮಾತುಗಳಿದ್ದರೆ ಬರೆದು ತನ್ನಿ. ಸಿಕ್ಕ ಹೆಸರುಗಳನ್ನು ಮುಂದಿನ ನವೆಂಬರಿನಲ್ಲಿ ಸಿಮೆಟ್ರಿಯಲ್ಲಿ ಗಟ್ಟಿಯಾಗಿ ಓದಿ ಪ್ರಾರ್ಥಿಸೋಣ. ಕಲ್ಲು ನಿಲ್ಲಿಸುವ ಮಾತು ಆಮೇಲೆ, ಮೊದಲು ಹೆಸರುಗಳು ಸಿಗಲಿ.