ನಾಯ್: ರೊಮೇನಿಯಾದ ಪ್ಯಾನ್ ಕೊಳಲು

ಗ್ರೀಕ್ ಪುರಾಣದ ಪ್ಯಾನ್ ದೇವತೆಯ ಹೆಸರಿನಿಂದ ಜಗತ್ತಿಗೆ ಪರಿಚಿತವಾದ ಪ್ಯಾನ್ ಕೊಳಲನ್ನು ರೊಮೇನಿಯಾದಲ್ಲಿ 'ನಾಯ್' ಎಂದು ಕರೆಯುತ್ತಾರೆ. ಜಾನಪದ ಮೇಳದಿಂದ ಶಾಸ್ತ್ರೀಯ ವೇದಿಕೆಯವರೆಗೆ ಈ ವಾದ್ಯ ಸಾಗಿದ ದಾರಿಯನ್ನು ಇಲ್ಲಿ ಸಂಗ್ರಹವಾಗಿ ಪರಿಚಯಿಸುತ್ತಿದ್ದೇವೆ.

ರಚನೆ: ನಮ್ಮ ಬಿದಿರಿನ ಕೊಳಲಿನಲ್ಲಿ ಒಂದೇ ನಾಳದ ರಂಧ್ರಗಳನ್ನು ಬೆರಳಿನಿಂದ ಮುಚ್ಚಿ ತೆರೆದು ಸ್ವರ ಪಡೆಯುತ್ತೇವೆ. ನಾಯ್‌ನಲ್ಲಿ ಬೆರಳ ರಂಧ್ರಗಳಿಲ್ಲ. ಉದ್ದ ಬೇರೆಬೇರೆಯಾದ, ಸಾಮಾನ್ಯವಾಗಿ 20 ನಾಳಗಳನ್ನು ಬಾಗಿದ ಸಾಲಿನಲ್ಲಿ ಜೋಡಿಸಲಾಗಿರುತ್ತದೆ. ಕೆಳತುದಿ ಮುಚ್ಚಿದ ಈ ನಾಳಗಳೊಳಗೆ ಜೇನುಮೇಣವನ್ನು ಹೆಚ್ಚುಕಡಿಮೆ ಮಾಡಿ ಶ್ರುತಿ ಕೂಡಿಸುತ್ತಾರೆ. ವಾದ್ಯವನ್ನು ತುಸು ಓರೆಯಾಗಿಸಿ, ತುಟಿಯ ಕೋನ ಬದಲಿಸಿ ಅರ್ಧಸ್ವರಗಳನ್ನು ಹೊಮ್ಮಿಸುತ್ತಾರೆ.

ಪರಂಪರೆ: ನಾಯ್ ಮುಖ್ಯವಾಗಿ 'ಲೌತಾರಿ' ಎಂಬ ವೃತ್ತಿವಾದಕರ ಸೊತ್ತು. ಮದುವೆ, ಹಬ್ಬಗಳಲ್ಲಿ ಕುಣಿತದ ಹಾಡುಗಳನ್ನು ನುಡಿಸುತ್ತಿದ್ದ ಈ ಕಲಾವಿದರು 'ದೊಯ್ನಾ' ಎಂಬ ಭಾವಗೀತೆಯನ್ನೂ ನುಡಿಸುತ್ತಿದ್ದರು. ತಾಳದ ಕಟ್ಟಿಲ್ಲದೆ ಹರಿಯುವ ದೊಯ್ನಾ ನಮ್ಮ ಆಲಾಪವನ್ನು ನೆನಪಿಸುತ್ತದೆ. ಯುನೆಸ್ಕೋ 2009ರಲ್ಲಿ ಇದನ್ನು ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು.

ಪುನರುಜ್ಜೀವನ: 20ನೇ ಶತಮಾನದ ಮಧ್ಯಭಾಗದ ವೇಳೆಗೆ ನಾಯ್ ವಾದಕರು ವಿರಳರಾಗಿದ್ದರು. ಆಗ ಫನಿಕಾ ಲೂಕಾ (1894–1968) ಬುಕಾರೆಸ್ಟ್‌ನ ಸಂಗೀತ ಶಾಲೆಯಲ್ಲಿ ಹೊಸ ಪೀಳಿಗೆಗೆ ವಿದ್ಯೆಯನ್ನು ಧಾರೆಯೆರೆದರು. ಮನೆತನದ ಕಸುಬು ಹೀಗೆ ತರಗತಿಯ ಪಾಠವಾಗಿ ಉಳಿಯಿತು. ಅವರ ಶಿಷ್ಯರಲ್ಲಿ ಅಗ್ರಗಣ್ಯರು 1941ರಲ್ಲಿ ಜನಿಸಿದ ಗಿಯೋರ್ಗೆ ಜಂಫಿರ್.

ಸಂಗಮ: ಜಂಫಿರ್ ನಾಳಗಳ ಸಂಖ್ಯೆಯನ್ನು 22, 25, 28, 30ಕ್ಕೆ ಏರಿಸಿ ವಾದ್ಯದ ಸ್ವರವ್ಯಾಪ್ತಿಯನ್ನು ಹಿಗ್ಗಿಸಿದರು. ಸ್ವಿಟ್ಜರ್ಲೆಂಡಿನ ಸಂಗೀತ ಸಂಶೋಧಕ ಮಾರ್ಸೆಲ್ ಸೆಲಿಯೆ ಅವರ ಆರ್ಗನ್‌ನೊಡನೆ ದೊಯ್ನಾಗಳನ್ನು ನುಡಿಸಿದರು. ವಾದ್ಯವೃಂದದೊಡನೆ ನುಡಿಸಲು ತಾವೇ ಕನ್ಸರ್ಟೊ ರಚಿಸಿದರು. 1975ರ 'ಪಿಕ್ನಿಕ್ ಅಟ್ ಹ್ಯಾಂಗಿಂಗ್ ರಾಕ್', 1984ರ 'ಒನ್ಸ್ ಅಪಾನ್ ಎ ಟೈಮ್ ಇನ್ ಅಮೆರಿಕ' ಚಿತ್ರಗಳಲ್ಲಿ ಅವರ ವಾದನವಿದೆ. ಜೇಮ್ಸ್ ಲಾಸ್ಟ್ ರಚಿಸಿದ 'ದಿ ಲೋನ್ಲಿ ಶೆಫರ್ಡ್' 2003ರ 'ಕಿಲ್ ಬಿಲ್' ಚಿತ್ರದಿಂದ ಮತ್ತೆ ಮನೆಮಾತಾಯಿತು.

ಜನಪ್ರಿಯತೆಗೆ ಬೆಲೆಯೂ ಉಂಟು. ಈ ಮಧುರ ಚಿತ್ರಗೀತವೇ ನಾಯ್ ಸಂಗೀತದ ಸರ್ವಸ್ವವೆಂದು ಭಾವಿಸುವವರು ಅನೇಕರು. ಶಾಸ್ತ್ರೀಯ ಶಿಸ್ತು ವಾದ್ಯಕ್ಕೆ ಹರವು ಕೊಟ್ಟಿತು, ನಿಜ. ಆದರೆ ಅದರ ಉಸಿರು ಇರುವುದು ದೊಯ್ನಾದಲ್ಲಿ. ಆದುದರಿಂದ ಆಸಕ್ತರು ಆರ್ಗನ್ ಸಹಿತವಾದ ದೊಯ್ನಾಗಳನ್ನು ಮೊದಲು ಕೇಳಿ, ಅನಂತರ ಕನ್ಸರ್ಟೊಗಳತ್ತ ಸಾಗುವುದು ಒಳಿತೆಂದು ನಮ್ಮ ಅಭಿಮತ.