ಪುಷ್ಯದ ಚಳಿ, ಘಾಟಿಯ ಜಾತ್ರೆ, ಅವರೆಯ ಸೊಗಡು

ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದಲ್ಲಿ ಗರ್ಭಗುಡಿಯ ಒಳಗೆ ಒಂದು ಕನ್ನಡಿ ಇದೆ. ಒಂದೇ ಕಲ್ಲಿನಲ್ಲಿ ಪೂರ್ವಕ್ಕೆ ಮುಖ ಮಾಡಿದ ಸುಬ್ರಹ್ಮಣ್ಯ, ಪಶ್ಚಿಮಕ್ಕೆ ಮುಖ ಮಾಡಿದ ನರಸಿಂಹ. ಎದುರು ನಿಂತವರಿಗೆ ಬೆನ್ನ ಹಿಂದಿನ ದೇವರು ಕಾಣುವುದು ಈ ಕನ್ನಡಿಯಲ್ಲಿಯೇ. ಗರುಡನಿಂದ ಹಾವಿನ ಕುಲವನ್ನು ಉಳಿಸೆಂದು ಸುಬ್ರಹ್ಮಣ್ಯನು ನರಸಿಂಹನನ್ನು ಬೇಡಿದನೆಂದೂ, ಅದಕ್ಕೇ ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ನಿಂತರೆಂದೂ ಸ್ಥಳಪುರಾಣ ಹೇಳುತ್ತದೆ. ಸಂಡೂರಿನ ಘೋರ್ಪಡೆ ಅರಸರು ಈ ಕ್ಷೇತ್ರವನ್ನು ಅಭಿವೃದ್ಧಿ ಮಾಡಿದರೆಂಬುದು ವಾಡಿಕೆಯ ಮಾತು. ಕ್ಷೇತ್ರಕ್ಕೆ 600 ವರ್ಷಗಳ ಇತಿಹಾಸವಿದೆ ಎಂಬುದೂ ಅದರ ಜೊತೆಗೇ ಬರುವ ಮಾತು. ಎರಡನ್ನೂ ಒಟ್ಟಿಗೆ ಹೇಳುವವರು ಲೆಕ್ಕ ಹಾಕಿದಂತಿಲ್ಲ. ಘೋರ್ಪಡೆಯವರು ಸಂಡೂರಿಗೆ ಬಂದದ್ದೇ 18ನೇ ಶತಮಾನದ ಆರಂಭದಲ್ಲಿ. ಅವರು ಇಲ್ಲಿಗೆ ಬರುವ ವೇಳೆಗೆ ದೇವರು ಇದ್ದಿರಬೇಕು, ಇಲ್ಲವೇ 600 ಎಂಬುದು ಭಕ್ತಿಯ ಲೆಕ್ಕವಾಗಿರಬೇಕು.

ಕನ್ನಡಿಯನ್ನು ಎಲ್ಲರೂ ನೋಡುತ್ತಾರೆ. ಹೆಚ್ಚು ಜನ ಗಮನಿಸದ ಇನ್ನೊಂದು ಸಂಗತಿ ಗುಡಿಯ ಹೊರಗೆ, ಜಾತ್ರೆಯ ಬಯಲಿನಲ್ಲಿದೆ. ಇಲ್ಲಿನ ಬ್ರಹ್ಮರಥೋತ್ಸವ ಪುಷ್ಯ ಶುದ್ಧ ಷಷ್ಠಿಯಂದು. ಅದಕ್ಕೆ ಮುಂಚಿನಿಂದಲೇ ದನಗಳ ಜಾತ್ರೆ ಕೂಡುತ್ತದೆ. ಹಳ್ಳಿಕಾರ್ ತಳಿಯ ಜೋಡಿಗಳನ್ನು ಹಿಡಿದು ದೂರದೂರದ ರೈತರು ಬಂದು ಬಯಲಿನಲ್ಲಿ ಬೀಡು ಬಿಡುತ್ತಾರೆ. ಮೂರು ಕಲ್ಲು ಹೂಡಿ ಒಲೆ ಹಚ್ಚುತ್ತಾರೆ. ಸಂಜೆ ಅಲ್ಲಿ ಏಳುವ ಹೊಗೆಯಲ್ಲಿ ಮುದ್ದೆಯ ಹದದ ಜೊತೆ ಅವರೆಕಾಳಿನ ಸಾರಿನ ಸೊಗಡೂ ಇರುತ್ತದೆ. ಡಿಸೆಂಬರ್ ಕೊನೆ, ಜನವರಿಯ ಮೊದಲ ವಾರಗಳೆಂದರೆ ಈ ಸೀಮೆಯಲ್ಲಿ ಅವರೆಯದೇ ಕಾಲ.

ಜಾತ್ರೆಯೂ ಅವರೆಯೂ ಹೀಗೆ ಒಟ್ಟಿಗೆ ಬರುವುದು ಆಕಸ್ಮಿಕವಲ್ಲ. ಅದರ ಗುಟ್ಟು ರಾಗಿಯ ಹೊಲದಲ್ಲಿದೆ. ಬಯಲುಸೀಮೆಯ ರೈತ ರಾಗಿಯನ್ನು ಒಂದೇ ಬಿತ್ತಿದವನಲ್ಲ. ಕೆಲವು ಸಾಲು ರಾಗಿಗೆ ಒಂದು ಸಾಲಿನಂತೆ ಅವರೆ, ತೊಗರಿ, ಹುಚ್ಚೆಳ್ಳು ಹಾಕುತ್ತಿದ್ದ. ಇದಕ್ಕೆ ಅಕ್ಕಡಿ ಸಾಲು ಎಂದು ಹೆಸರು. ನಾಡ ಅವರೆಗೆ ಒಂದು ಹಟವಿದೆ: ಹಗಲು ಕುಗ್ಗಿ ರಾತ್ರಿ ಬೆಳೆಯುವವರೆಗೆ ಅದು ಹೂ ಬಿಡುವುದಿಲ್ಲ. ಎಷ್ಟು ಬೇಗ ಬಿತ್ತಿದರೂ ಬಳ್ಳಿ ಹಬ್ಬುತ್ತದೆಯೇ ಹೊರತು ಕಾಯಿ ಕಚ್ಚುವುದು ಚಳಿ ಕಾಲಿಟ್ಟ ಮೇಲೆಯೇ. ರಾಗಿ ಕೊಯ್ದು ಹೊಲ ಬೋಳಾದಾಗ ಅವರೆ ಇಬ್ಬನಿ ಕುಡಿದು ತುಂಬಿಕೊಳ್ಳುತ್ತದೆ. ಆ ಹೊತ್ತಿಗೆ ಕಣದಲ್ಲಿ ರಾಗಿ, ಬಣವೆಯಲ್ಲಿ ಹುಲ್ಲು, ಎತ್ತಿಗೆ ಬಿಡುವು. ದನ ಮಾರಲು, ಕೊಳ್ಳಲು, ದೇವರಿಗೆ ಹರಕೆ ಒಪ್ಪಿಸಲು ಅದಕ್ಕಿಂತ ಒಳ್ಳೆಯ ಸಮಯವಿಲ್ಲ. ಪಂಚಾಂಗ ನೋಡಿ ಜಾತ್ರೆ ನಡೆಯುತ್ತದೆ, ನಿಜ. ಹೊಲವೂ ಅದಕ್ಕೆ ಒಪ್ಪಿಗೆ ಕೊಟ್ಟಿರುತ್ತದೆ.

ಸೊಗಡು ಎಂದರೇನು? ಎಳೆ ಅವರೆಕಾಯಿಯನ್ನು ಕೈಯಲ್ಲಿ ಹಿಡಿದರೆ ಎಣ್ಣೆಯಂಥ ಜಿಗುಟು ಅಂಟುತ್ತದೆ. ಬೆರಳು ತೊಳೆದರೂ ಅದರ ವಾಸನೆ ಬೇಗ ಹೋಗದು. ಕಾಯಿಯ ಸಿಪ್ಪೆಯ ಮೇಲಿನ ಈ ಜಿಡ್ಡಿನಲ್ಲಿರುವ ಕೆಲವು ಕೊಬ್ಬಿನಾಮ್ಲಗಳೇ ಆ ವಾಸನೆಗೆ ಕಾರಣವೆಂದು ರಸಾಯನಶಾಸ್ತ್ರದ ಪರೀಕ್ಷೆಗಳು ತೋರಿಸಿವೆ. ಸಂತೆಯಲ್ಲಿ ಹಳೆಯ ಗಿರಾಕಿಗೆ ಈ ಪರೀಕ್ಷೆ ಬೇಕಿಲ್ಲ. ಒಂದು ಕಾಯಿ ಎತ್ತಿ ಮೂಗಿಗೆ ಹಿಡಿದು, ಬೇಡವೆಂದರೆ ಮುಂದಿನ ರಾಶಿಗೆ ಹೋಗುತ್ತಾನೆ.

ಅಡುಗೆಮನೆಗೆ ಬಂದರೆ ಅವರೆಗೆ ನೂರು ವೇಷ. ಉಪ್ಪಿಟ್ಟಿಗೆ, ರೊಟ್ಟಿಯ ಹಿಟ್ಟಿಗೆ, ಹುಳಿಗೆ, ಉಸಲಿಗೆ, ಎಲ್ಲಕ್ಕೂ ಸಲ್ಲುತ್ತದೆ. ಆದರೆ ಇದರ ಪಟ್ಟದ ಅಡುಗೆ ಹಿದಕಿದ ಬೇಳೆಯ ಸಾರು. ಸುಲಿದ ಕಾಳನ್ನು ರಾತ್ರಿ ನೀರಿಗೆ ಹಾಕಿ, ಬೆಳಿಗ್ಗೆ ಒಂದೊಂದನ್ನೇ ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಚಿಮ್ಮಿ ಪಾತ್ರೆಗೆ ಬೀಳುತ್ತದೆ. ಕೆಲವರು ಇದನ್ನೇ ಹಿತಕವರೆ ಎನ್ನುತ್ತಾರೆ. ತೆಂಗಿನಕಾಯಿ, ಧನಿಯಾ, ಚಕ್ಕೆ ಲವಂಗ, ಹುರಿಗಡಲೆ ಅರೆದು ಹಾಕಿ ಕುದಿಸಿದ ಸಾರಿಗೆ ಮುದ್ದೆಯೇ ಜೋಡಿ. ಸಿಪ್ಪೆ ಹಸುವಿನ ಬಾನಿಗೆ. ಊಟಕ್ಕೆ ಹತ್ತು ನಿಮಿಷ, ಹಿದುಕುವುದಕ್ಕೆ ಅರ್ಧ ದಿನ. ಇದು ಒಬ್ಬರ ಕೆಲಸವೇ ಅಲ್ಲ. ಜಗುಲಿಯಲ್ಲಿ ಅತ್ತೆ, ಸೊಸೆ, ಪಕ್ಕದ ಮನೆಯಾಕೆ ಸೇರಿ ಕುಳಿತರೇ ಮುಗಿಯುವುದು. ಹಾಗೆ ಕೂರುವ ಬಿಡುವು ಹೋದಲ್ಲಿ ಬೇಳೆ ಪೇಟೆಯಿಂದ ಬರುತ್ತದೆ, ಅದರ ಬೆಲೆಯಲ್ಲಿ ಮತ್ತಾರದೋ ಬೆರಳುಗಳ ಕೂಲಿ ಸೇರಿರುತ್ತದೆ.

ಇದೇ ಸೀಮೆಯ ಅಡುಗೆಯಲ್ಲಿ ಸದ್ದಿಲ್ಲದ ದಿನಗಳೂ ಇವೆ. ನಾಗರ ಪಂಚಮಿಯಂದು ಅನೇಕ ಮನೆಗಳಲ್ಲಿ ಹೆಂಚು, ಬಾಣಲೆ ಒಲೆ ಏರುವುದಿಲ್ಲ, ಒಗ್ಗರಣೆಯ ಚಟಪಟವಿಲ್ಲ. ಬೇಯಿಸಿದ ಕಡುಬು, ಎಳ್ಳು ಬೆಲ್ಲ ಕುಟ್ಟಿದ ಚಿಗಳಿ, ಅಕ್ಕಿಹಿಟ್ಟಿನ ತಂಬಿಟ್ಟು, ಹುತ್ತಕ್ಕೆ ಹಾಲಿನ ತನಿ. ಕಾದ ಹೆಂಚಿನ ಬಿಸಿ ನಾಗನಿಗೆ ತಾಗುತ್ತದೆಂಬ ನಂಬಿಕೆ. ನಾಗರಕಲ್ಲುಗಳು ಸಾಲುಸಾಲಾಗಿ ನಿಂತಿರುವ ಘಾಟಿಯ ಸುತ್ತಿನ ಊರುಗಳಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಅವರೆ ಎಷ್ಟು ಹಳೆಯದು? ಬೆಂಗಳೂರಿನ ಹೆಸರಿಗೇ ಕಾಳಿನ ಕಥೆ ಕಟ್ಟಿದ್ದಾರೆ. ಬೇಟೆಯಲ್ಲಿ ದಾರಿ ತಪ್ಪಿದ ಹೊಯ್ಸಳ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಊರು ‘ಬೆಂದಕಾಳೂರು’ ಆಯಿತು ಎಂದು. ರುಚಿಯಾದ ಕಥೆ. ಆದರೆ ಬೇಗೂರಿನ ವೀರಗಲ್ಲು ಸುಮಾರು 890ರಲ್ಲೇ ‘ಬೆಂಗಳೂರು’ ಎಂಬ ಹೆಸರನ್ನು ಹೇಳಿದೆ. ಇಮ್ಮಡಿ ಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಮುದುಕಿ ಕಾಳು ಬೇಯಿಸುವ ಮೊದಲೇ ಊರಿಗೆ ಹೆಸರಿತ್ತು.

ಕಥೆ ಬಿದ್ದರೂ ಕಾಳಿನ ಹಿರಿತನಕ್ಕೆ ಕುಂದಿಲ್ಲ. ಬಳ್ಳಾರಿ ಬಳಿಯ ಸಂಗನಕಲ್ಲಿನ ಪ್ರಾಚೀನ ನೆಲೆಯ ಅಗೆತದಲ್ಲಿ ಸುಟ್ಟು ಕರಿಕಾದ ಅವರೆಕಾಳುಗಳು ದೊರೆತಿವೆ. ಅವು ಸುಮಾರು 3,500 ವರ್ಷ ಹಳೆಯವು. ಇನ್ನೂ ಕುತೂಹಲದ ವಿಷಯವೆಂದರೆ ಅವರೆಯ ಕಾಡುಮೂಲ ಆಫ್ರಿಕದಲ್ಲಿದೆ. ರಾಗಿಯ ಮೂಲವೂ ಅಲ್ಲಿಯದೇ. ಅಪ್ಪಟ ಬಯಲುಸೀಮೆಯ ಊಟವೆಂದು ಹೆಮ್ಮೆಪಡುವ ತಟ್ಟೆಯಲ್ಲಿ ಮುದ್ದೆ, ಸಾರು ಎರಡೂ ಸಮುದ್ರದಾಚೆಯಿಂದ ಬಂದ ನೆಂಟರು. ಬಂದು ಎಷ್ಟು ಕಾಲವಾಯಿತೆಂದರೆ, ಅವರೇ ಮನೆಯ ಯಜಮಾನರಾಗಿದ್ದಾರೆ.

ಈಗ ಈ ಯಜಮಾನಿಕೆಯೇ ಅಲುಗಾಡುತ್ತಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಬೆಳೆಸಿದ ‘ಹೆಬ್ಬಾಳ ಅವರೆ’ ತಳಿಗಳಿಗೆ ಹಗಲಿನ ಲೆಕ್ಕ ಬೇಕಿಲ್ಲ. ನೀರಿದ್ದರೆ ವರ್ಷದ ಯಾವ ತಿಂಗಳಲ್ಲೂ ಕಾಯಿ ಬಿಡುತ್ತವೆ. ಗಿಡ ಗಿಡ್ಡ, ಕೊಯ್ಲು ಸುಲಭ, ರೈತನ ಕೈಗೆ ಬೇಸಿಗೆಯಲ್ಲೂ ನಾಲ್ಕು ಕಾಸು. ಇದನ್ನು ಹಗುರವಾಗಿ ಕಾಣುವುದು ತಪ್ಪಾದೀತು. ಆದರೆ ನಾಡ ಅವರೆಯ ಸೊಗಡು ಇದಕ್ಕೆ ಇಲ್ಲವೆಂದು ತಿನ್ನುವವರು ದೂರುತ್ತಾರೆ, ದೂರು ಸುಳ್ಳೂ ಅಲ್ಲ. ಇನ್ನೊಂದು ಕಡೆ ಟ್ರ್ಯಾಕ್ಟರ್ ಬಂದು ಎತ್ತು ಕಡಿಮೆಯಾಯಿತು, ಸಾಲು ಬಿಟ್ಟು ಒಂದೇ ಬೆಳೆ ಹಾಕುವ ರೂಢಿ ಬಂತು, ದೇವನಹಳ್ಳಿಯಲ್ಲಿ 2008ರಲ್ಲಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಸುತ್ತಿನ ರಾಗಿ ಹೊಲಗಳಿಗೆ ನಿವೇಶನದ ಕಲ್ಲು ಬಿತ್ತು. 2022ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ರಾಜ್ಯದ ದನದ ಜಾತ್ರೆಗಳಿಗೇ ನಿರ್ಬಂಧ ಬಂತು.

ಇಷ್ಟಾದರೂ ಅಕ್ಕಡಿ ಸಾಲು ಬಿಡದ ಮನೆಗಳಿವೆ. ಅಲ್ಲಿ ಹಸಿಕಾಯಿ ಮುಗಿದ ಮೇಲೆ ಬಳ್ಳಿಯಲ್ಲೇ ಒಣಗಿದ ಕಾಳನ್ನು ಬಡಿದು, ಕೇರಿ, ಹುಳು ಬೀಳದಂತೆ ಕೆಮ್ಮಣ್ಣು ಕಟ್ಟಿ ಒಣಗಿಸುತ್ತಾರೆ. ಅದರಲ್ಲಿ ಒಂದು ಪಾಲು ಬಿತ್ತನೆಗೆ. ಉಳಿದದ್ದು ಆಷಾಢದ ಮಳೆಯಲ್ಲಿ, ತರಕಾರಿಯಿಲ್ಲದ ದಿನದ ಸಾರಿಗೆ.