ನೆರೆಮನೆಯ ಹುಡುಗನ ಕತೆ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಿಟ್ಲರನ ನಾಝಿಗಳು ಸುಮಾರು 60 ಲಕ್ಷ ಯಹೂದಿಗಳನ್ನು ಕೊಂದರು. ಅವರಲ್ಲಿ ಸುಮಾರು 15 ಲಕ್ಷ ಮಂದಿ ಮಕ್ಕಳು. ದೊಡ್ಡವರಾದ ನಮ್ಮ ಕಲ್ಪನೆಗೇ ಈ ಸಂಖ್ಯೆ ನಿಲುಕುವುದಿಲ್ಲ. ಹಾಗಿರುವಾಗ ಹತ್ತು ಹನ್ನೆರಡು ವರ್ಷದ ಮಗುವಿಗೆ ಇದನ್ನು ಹೇಗೆ ಹೇಳುವುದು? ಹೇಳದೆ ಬಿಟ್ಟರೆ ಸತ್ತವರಿಗೆ ದ್ರೋಹ ಮಾಡಿದಂತೆ. ಇದ್ದದ್ದನ್ನೆಲ್ಲ ಒಮ್ಮೆಲೇ ಮುಂದೆ ಸುರಿದರೆ ಮಗು ಹೆದರಿ ಮುಖ ತಿರುಗಿಸುತ್ತದೆ. ಈ ಇಕ್ಕಟ್ಟಿನಲ್ಲಿ ಯುರೋಪು ಮತ್ತು ಅಮೆರಿಕದ ಅನೇಕ ಲೇಖಕರು ಕತೆಯ ಮೊರೆ ಹೊಕ್ಕರು. ಕತೆ ಬರೆಯುವ ನಮಗೆ ಆ ಪುಸ್ತಕಗಳು ಹಲವು ಪಾಠಗಳನ್ನು ಹೇಳಿವೆ. ಎಲ್ಲ ಕತೆಗಳೂ ಒಳ್ಳೆಯ ಕೆಲಸ ಮಾಡುವುದಿಲ್ಲ ಎಂಬುದು ಅವುಗಳಲ್ಲಿ ಒಂದು.

ಮೊದಲು ನೆನಪಾಗುವುದು ಜರ್ಮನಿಯ ಹಾನ್ಸ್ ಪೀಟರ್ ರಿಖ್ಟರ್ 1961ರಲ್ಲಿ ಪ್ರಕಟಿಸಿದ, ಇಂಗ್ಲಿಷಿನಲ್ಲಿ 'ಫ್ರೀಡ್ರಿಶ್' ಎಂಬ ಹೆಸರಿನಿಂದ ಬಂದ ಕಾದಂಬರಿ. ಒಂದೇ ಕಟ್ಟಡದ ಮೇಲುಮಾಳಿಗೆ, ಕೆಳಮಾಳಿಗೆಗಳಲ್ಲಿ ಎರಡು ಕುಟುಂಬಗಳು. 1925ರಲ್ಲಿ ಎರಡೂ ಮನೆಗಳಲ್ಲಿ ಗಂಡುಮಕ್ಕಳು ಹುಟ್ಟುತ್ತಾರೆ. ಒಬ್ಬ ಫ್ರೀಡ್ರಿಶ್, ಯಹೂದಿ. ಕತೆ ಹೇಳುವ ಇನ್ನೊಬ್ಬನಿಗೆ ಹೆಸರೇ ಇಲ್ಲ. ಇಬ್ಬರೂ ಹಿಮದಲ್ಲಿ ಆಡುತ್ತಾರೆ, ಒಟ್ಟಿಗೆ ಶಾಲೆಗೆ ಸೇರುತ್ತಾರೆ. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಅಂಚೆ ಇಲಾಖೆಯಲ್ಲಿದ್ದ ಫ್ರೀಡ್ರಿಶನ ತಂದೆಯ ಕೆಲಸ ಹೋಗುತ್ತದೆ. ಕೆಲಸವಿಲ್ಲದೆ ಅಲೆಯುತ್ತಿದ್ದ ಇನ್ನೊಬ್ಬನ ತಂದೆ ನಾಝಿ ಪಕ್ಷ ಸೇರುತ್ತಾನೆ. ಅವನು ಕೆಟ್ಟವನೇನಲ್ಲ. ನೆರೆಯವರನ್ನು ಗುಟ್ಟಾಗಿ ಕರೆದು, ದೇಶ ಬಿಟ್ಟು ಹೋಗಿ ಎಂದು ಎಚ್ಚರಿಸುತ್ತಾನೆ ಕೂಡ. ಆದರೆ ಅವನಿಗೆ ಹೊಟ್ಟೆಪಾಡು ಮುಖ್ಯ.

1938ರ ನವೆಂಬರಿನಲ್ಲಿ ಜರ್ಮನಿಯಾದ್ಯಂತ ಯಹೂದಿಗಳ ಅಂಗಡಿ, ಮನೆ, ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ನಡೆಯಿತು. ಕಾದಂಬರಿಯಲ್ಲಿ ಕತೆ ಹೇಳುವ ಹುಡುಗನೂ ಗುಂಪಿನೊಡನೆ ನುಗ್ಗಿ, ಕೈಗೆ ಸಿಕ್ಕ ಸುತ್ತಿಗೆಯಿಂದ ಕಂಡದ್ದನ್ನೆಲ್ಲ ಒಡೆಯುತ್ತಾನೆ. ಮೊದಮೊದಲು ಅವನಿಗೆ ಖುಷಿಯೇ ಆಗುತ್ತದೆ. ಮನೆಗೆ ಬಂದರೆ ಅದೇ ಗುಂಪು ಫ್ರೀಡ್ರಿಶನ ಮನೆಗೂ ಬರುತ್ತದೆ. 1942ರಲ್ಲಿ ವಿಮಾನಗಳು ಬಾಂಬು ಹಾಕುವಾಗ, ಅಷ್ಟು ಹೊತ್ತಿಗೆ ಅನಾಥನಾಗಿದ್ದ ಫ್ರೀಡ್ರಿಶ್ ನೆಲಮಾಳಿಗೆಯ ಆಶ್ರಯದ ಬಾಗಿಲು ಬಡಿಯುತ್ತಾನೆ. ಮನೆಯ ಮಾಲೀಕ ಒಳಗೆ ಬಿಡುವುದಿಲ್ಲ. ಹುಡುಗ ಹೊಸ್ತಿಲಲ್ಲೇ ಸಾಯುತ್ತಾನೆ.

ಈ ಕತೆ ವಿಷಾನಿಲದ ಕೋಣೆಗಳವರೆಗೆ ಹೋಗುವುದೇ ಇಲ್ಲ. ಆದರೂ ನರಮೇಧ ಹೇಗೆ ಸಾಧ್ಯವಾಯಿತು ಎಂಬುದನ್ನು ಮಗು ಅರಿಯುತ್ತದೆ. ಅದು ಶಿಬಿರಗಳಲ್ಲಿ ಶುರುವಾದದ್ದಲ್ಲ. ಬೋರ್ಡುಗಳಲ್ಲಿ, ಕಾನೂನುಗಳಲ್ಲಿ, ನೆರೆಯವರ ಮೌನದಲ್ಲಿ ಶುರುವಾಯಿತು. 1935ರಲ್ಲಿ ಯಹೂದಿಗಳ ಪೌರತ್ವದ ಹಕ್ಕನ್ನು ಕಿತ್ತುಕೊಳ್ಳಲಾಯಿತು. 1941ರಲ್ಲಿ ಜರ್ಮನಿಯಲ್ಲಿ ಆರು ವರ್ಷ ದಾಟಿದ ಪ್ರತಿ ಯಹೂದಿಯೂ ಎದೆಯ ಮೇಲೆ ಹಳದಿ ನಕ್ಷತ್ರ ಹೊಲಿದುಕೊಳ್ಳಬೇಕಾಯಿತು. ಮಕ್ಕಳು ಇಂಥ ಅವಮಾನವನ್ನು ಬೇಗ ಗುರುತಿಸುತ್ತಾರೆ. ಆಟಕ್ಕೆ ಸೇರಿಸಿಕೊಳ್ಳದಿರುವುದು ಏನೆಂದು ಅವರಿಗೆ ಗೊತ್ತು.

ಅಮೆರಿಕದ ಲೋಯಿಸ್ ಲೌರಿ 1989ರಲ್ಲಿ ಬರೆದ 'ನಂಬರ್ ದಿ ಸ್ಟಾರ್ಸ್' ಇದರ ಇನ್ನೊಂದು ಮಗ್ಗುಲು. 1943ರಲ್ಲಿ ಡೆನ್ಮಾರ್ಕಿನ ಜನ ಸುಮಾರು 7,200 ಯಹೂದಿಗಳನ್ನು ಮೀನುಗಾರರ ದೋಣಿಗಳಲ್ಲಿ ಸ್ವೀಡನ್ನಿಗೆ ಸಾಗಿಸಿ ಉಳಿಸಿದರು. ಹತ್ತು ವರ್ಷದ ಹುಡುಗಿಯೊಬ್ಬಳು ತನ್ನ ಗೆಳತಿಗಾಗಿ ತೋರುವ ಧೈರ್ಯವೇ ಈ ಕತೆ. ಓದಿದ ಮಗುವಿಗೆ ಭರವಸೆ ಹುಟ್ಟುತ್ತದೆ. ಆದರೆ ಡೆನ್ಮಾರ್ಕ್ ಒಂದು ಅಪವಾದ, ಪೋಲೆಂಡಿನಲ್ಲಿದ್ದ ಸುಮಾರು 33 ಲಕ್ಷ ಯಹೂದಿಗಳಲ್ಲಿ ಬಹುಪಾಲು ಜನ ಉಳಿಯಲಿಲ್ಲ ಎಂಬುದನ್ನು ಹಿರಿಯರು ಪಕ್ಕದಲ್ಲಿ ಕುಳಿತು ಹೇಳಬೇಕು.

ಇನ್ನು ಜಾನ್ ಬಾಯ್ನ್ 2006ರಲ್ಲಿ ಬರೆದ 'ದಿ ಬಾಯ್ ಇನ್ ದಿ ಸ್ಟ್ರೈಪ್ಡ್ ಪೈಜಾಮಾಸ್' ಈ ಎಲ್ಲಕ್ಕಿಂತ ಹೆಚ್ಚು ಪ್ರಸಿದ್ಧ. ಶಿಬಿರದ ಅಧಿಕಾರಿಯ ಮಗ ಬೇಲಿಯಾಚೆಯ ಯಹೂದಿ ಹುಡುಗನ ಗೆಳೆತನ ಮಾಡುತ್ತಾನೆ. ಓದಿದವರು ಅಳುತ್ತಾರೆ. ಆದರೆ ಆಶ್ವಿಟ್ಜ್‌ಗೆ ತಂದ ಯಹೂದಿ ಮಕ್ಕಳಲ್ಲಿ ಹೆಚ್ಚಿನವರನ್ನು ರೈಲಿನಿಂದ ಇಳಿದ ಕೂಡಲೇ ಸಾವಿಗೆ ಕಳಿಸುತ್ತಿದ್ದರು. ಬೇಲಿಗೆ ವಿದ್ಯುತ್ ಹರಿಸಿದ್ದರು, ಕಾವಲುಗೋಪುರಗಳಿದ್ದವು. ಅಲ್ಲಿ ದಿನವೂ ಕುಳಿತು ಹರಟೆ ಹೊಡೆಯುವುದು ಸಾಧ್ಯವಿರಲಿಲ್ಲ. ಕೊನೆಗೆ ಓದುಗ ಹೆಚ್ಚು ಮರುಗುವುದೂ ಅಧಿಕಾರಿಯ ಮಗನಿಗಾಗಿಯೇ. ಈ ಇತಿಹಾಸವನ್ನು ಕಲಿಯುವವರೂ ಕಲಿಸುವವರೂ ಈ ಪುಸ್ತಕವನ್ನು ದೂರವಿಡುವುದು ಒಳ್ಳೆಯದೆಂದು ಆಶ್ವಿಟ್ಜ್ ವಸ್ತುಸಂಗ್ರಹಾಲಯವೇ 2020ರಲ್ಲಿ ಹೇಳಿತು. ಕತೆಗಾರನಿಗೆ ಪಾತ್ರಗಳನ್ನು ಕಟ್ಟುವ ಸ್ವಾತಂತ್ರ್ಯವಿದೆ. ಬೇಲಿಯನ್ನು ತಗ್ಗಿಸುವ ಸ್ವಾತಂತ್ರ್ಯವಿಲ್ಲ.

ಫೆಲೆಸ್ತೀನಿನ ಮಕ್ಕಳು ಸಾಯುತ್ತಿರುವಾಗ ಯಹೂದಿ ಮಕ್ಕಳ ಕತೆ ನಮಗೇಕೆ ಎಂದು ಕೇಳುವವರು ನಮ್ಮಲ್ಲಿದ್ದಾರೆ. ಆ ಸಂಕಟ ನಮಗೆ ಅರ್ಥವಾಗುತ್ತದೆ. ಆದರೆ ಒಂದು ಮಗುವಿನ ಸಾವನ್ನು ಅಲ್ಲಗಳೆದು ಇನ್ನೊಂದು ಮಗುವಿಗೆ ನ್ಯಾಯ ಕೇಳಲಾಗದು. ಯಾರದೇ ಮಗುವಿಗಾಗಿ ಮರುಗುವುದನ್ನು ಕಲಿತ ಮಗು ಮುಂದೆ ಎಲ್ಲ ಮಕ್ಕಳಿಗಾಗಿ ದನಿ ಎತ್ತೀತು.

ಈ ದುರಂತದ ನಡುವೆ ನಮ್ಮ ದೇಶದ ಕತೆಯೊಂದೂ ಇದೆ. ಯಾನುಶ್ ಕೊರ್ಚಾಕ್ ವೈದ್ಯ, ಮಕ್ಕಳ ಲೇಖಕ. ನಾಝಿಗಳು ಗೋಡೆ ಕಟ್ಟಿ ಯಹೂದಿಗಳನ್ನು ಕೂಡಿಹಾಕಿದ್ದ ವಾರ್ಸಾದ ಕೇರಿಯಲ್ಲಿ ಅವರು ಅನಾಥಾಲಯ ನಡೆಸುತ್ತಿದ್ದರು. 1942ರ ಜುಲೈ 18ರಂದು ಅಲ್ಲಿನ ಮಕ್ಕಳು ಒಂದು ನಾಟಕವಾಡಿದರು. ಅದು ರವೀಂದ್ರನಾಥ ಠಾಕೂರರ 'ಡಾಕ್ ಘರ್'. ಕಾಯಿಲೆಯಿಂದಾಗಿ ಹೊರಗೆ ಹೋಗಲಾಗದ ಅಮಲ್ ಎಂಬ ಹುಡುಗ ಕಿಟಕಿಯ ಬಳಿ ಕುಳಿತು ದಾರಿಹೋಕರನ್ನು ಮಾತನಾಡಿಸುವ ನಾಟಕ. ಮೂರು ವಾರ ಕಳೆಯುವುದರೊಳಗೆ ಸುಮಾರು 200 ಮಕ್ಕಳನ್ನೂ ಅವರ ಜೊತೆ ಕೊರ್ಚಾಕರನ್ನೂ ಟ್ರೆಬ್ಲಿಂಕಾದ ವಧಾಶಿಬಿರಕ್ಕೆ ಒಯ್ದರು. ತಾನು ಮಾತ್ರ ಉಳಿಯುವ ಅವಕಾಶ ಬಂದಾಗಲೂ ಕೊರ್ಚಾಕ್ ಮಕ್ಕಳನ್ನು ಬಿಟ್ಟು ಹೋಗಿರಲಿಲ್ಲ.

ನಮ್ಮ ಮಕ್ಕಳ ಕೈಗೆ ಇಂಥ ಪುಸ್ತಕ ಕೊಡುವಾಗ ನಾವೂ ಅವರನ್ನು ಒಂಟಿಯಾಗಿ ಬಿಡಬಾರದು. ಜೊತೆಗೆ ಕುಳಿತು ಓದೋಣ. 'ಫ್ರೀಡ್ರಿಶ್' ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳೋಣ: ಅವನು ಬಾಗಿಲು ಬಡಿದಾಗ ಒಳಗಿದ್ದವರು ಏನು ಮಾಡಬಹುದಿತ್ತು? ಉತ್ತರವನ್ನು ಮಕ್ಕಳೇ ಹೇಳಲಿ.